ಎದುರು ಚಾರ್ಜಿನ ಪಾಲಿಮರ್‌ಗಳು ನೀರಲ್ಲಿ ಕೂಡುವುದನ್ನು ಅಳೆಯುವುದು ಹೇಗೆ: ನನ್ನ ಮೇಜಿನ ಕ್ರಮ

ಎರಡು ಟ್ಯೂಬ್ ತೆಗೆದುಕೊಳ್ಳಿ. ಒಂದರಲ್ಲಿ ಧನ ಚಾರ್ಜಿನ ಪಾಲಿಮರ್, ಇನ್ನೊಂದರಲ್ಲಿ ಋಣ ಚಾರ್ಜಿನದು. ಪಾಲಿಮರ್ ಅಂದರೆ ಸಣ್ಣ ಕೊಂಡಿಗಳು ಸಾಲಾಗಿ ಸೇರಿದ ಉದ್ದ ಸರಪಣಿ. ಎರಡೂ ನೀರಿನಷ್ಟೇ ತಿಳಿ. ಒಂದಕ್ಕೆ ಇನ್ನೊಂದನ್ನು ಸುರಿದ ಕೂಡಲೇ ಕಣ್ಣೆದುರೇ ಹಾಲಿನಂತೆ ಬೆಳ್ಳಗಾಗುತ್ತದೆ. ಹದಿನಾಲ್ಕು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ. ಇವತ್ತಿಗೂ ಆ ಕ್ಷಣದಲ್ಲಿ ಟ್ಯೂಬನ್ನು ಎತ್ತಿ ಬೆಳಕಿಗೆ ಹಿಡಿದು ನೋಡದೆ ಇರಲಾಗುವುದಿಲ್ಲ.

ಆದರೆ ಬೆಳ್ಳಗಾಯಿತು ಎನ್ನುವುದು ಅಳತೆ ಅಲ್ಲ. ಎಷ್ಟು ಕೂಡಿತು, ಎಷ್ಟು ಗಟ್ಟಿಯಾಗಿ ಕೂಡಿತು, ಯಾವಾಗ ಬಿಡುತ್ತದೆ ಎಂದು ಹೇಳಬೇಕಾದರೆ ಒಂದು ಕ್ರಮ ಬೇಕು. ಹೊಸಬರು ನನ್ನ ಪಕ್ಕ ಬಂದು ನಿಂತಾಗ ಹೇಳಿಕೊಡುವ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು ತಿಳಿದಿರಲಿ. ಪ್ಲಸ್ಸು ಮೈನಸ್ಸು ಎಳೆದುಕೊಳ್ಳುತ್ತವೆ, ಅದಕ್ಕೇ ಕೂಡುತ್ತವೆ ಎಂದು ಎಲ್ಲರೂ ಹೇಳುತ್ತಾರೆ. ಅದು ಅರ್ಧ ನಿಜ. ಬೆರೆಸುವ ಮೊದಲೂ ಆ ಸರಪಣಿಗಳು ಒಂಟಿಯಾಗಿರಲಿಲ್ಲ. ಋಣ ಸರಪಣಿಯ ಸುತ್ತ ಸೋಡಿಯಂ ಅಯಾನುಗಳಿದ್ದವು, ಧನ ಸರಪಣಿಯ ಸುತ್ತ ಕ್ಲೋರೈಡ್. ಸರಪಣಿಯ ಮೇಲೆ ಚಾರ್ಜುಗಳು ತುಂಬಾ ಒತ್ತಾಗಿದ್ದರೆ ಈ ಸಣ್ಣ ಅಯಾನುಗಳಲ್ಲಿ ಒಂದು ಪಾಲು ಬಿಡುಗಡೆಯೇ ಇಲ್ಲದೆ ಸರಪಣಿಗೆ ಅಂಟಿಕೊಂಡಿರುತ್ತದೆ. ಇದನ್ನು 1969ರಲ್ಲಿ ಜೆರಾಲ್ಡ್ ಮ್ಯಾನಿಂಗ್ ಲೆಕ್ಕ ಹಾಕಿ ತೋರಿಸಿದರು. ಕೋಣೆಯ ಉಷ್ಣತೆಯ ನೀರಿನಲ್ಲಿ ಎರಡು ಚಾರ್ಜುಗಳ ಸೆಳೆತ ಉಷ್ಣದ ಅಲುಗಾಟಕ್ಕೆ ಸಮವಾಗುವ ದೂರ ಸುಮಾರು 0.7 ನ್ಯಾನೋಮೀಟರ್. ಸಾಮಾನ್ಯ ವೈನೈಲ್ ಸರಪಣಿಯಲ್ಲಿ ಪ್ರತಿ 0.25 ನ್ಯಾನೋಮೀಟರಿಗೆ ಒಂದು ಚಾರ್ಜ್. ಅಂದರೆ ಮ್ಯಾನಿಂಗ್ ಲೆಕ್ಕದಲ್ಲಿ ನೂರಕ್ಕೆ ಸುಮಾರು 65 ಅಯಾನುಗಳು ಸರಪಣಿಗೆ ಕಟ್ಟುಬಿದ್ದಿವೆ.

ಎದುರು ಚಾರ್ಜಿನ ಇನ್ನೊಂದು ಸರಪಣಿ ಬಂದಾಗ ಈ ಸಣ್ಣವು ಜಾಗ ಬಿಟ್ಟು ನೀರಿಗೆ ಓಡುತ್ತವೆ. ಅವುಗಳಿಗೆ ಸಿಕ್ಕ ಆ ಸ್ವಾತಂತ್ರ್ಯವೇ, ಅಂದರೆ ಎಂಟ್ರೊಪಿಯೇ, ಇಡೀ ಕೆಲಸವನ್ನು ನಡೆಸುವ ದೊಡ್ಡ ಬಲ. ಹಾಗಾಗಿ ನೀರಿನಲ್ಲಿ ಮೊದಲೇ ಎಷ್ಟು ಉಪ್ಪಿದೆ ಅನ್ನುವುದು ಎಲ್ಲವನ್ನೂ ಬದಲಿಸುತ್ತದೆ. ಉಪ್ಪು ಜಾಸ್ತಿ ಇದ್ದರೆ ಹೊರಬಂದ ಅಯಾನಿಗೆ ಸಿಗುವ ಲಾಭ ಕಡಿಮೆ. ಮುಂದೆ ನಾನು ಹೇಳುವ ಪ್ರತಿ ಹೆಜ್ಜೆಯಲ್ಲೂ ಉಪ್ಪಿನ ವಿಷಯ ಬರುತ್ತದೆ. ಯಾಕೆ ಅಂತ ಈಗ ಗೊತ್ತಾಯಿತಲ್ವಾ?

ಯಾವ ಜೋಡಿ

ಕಲಿಯುವಾಗ ಪಾಲಿಸ್ಟೈರೀನ್ ಸಲ್ಫೋನೇಟ್ ಮತ್ತು ಪಾಲಿಡೈಅಲೈಲ್‌ಡೈಮೀಥೈಲ್ ಅಮೋನಿಯಂ ಕ್ಲೋರೈಡ್ ಜೋಡಿ ಒಳ್ಳೆಯದು. ಮೊದಲನೆಯದು ಋಣ, ಎರಡನೆಯದು ಧನ. ಬಾಯಲ್ಲಿ ಹೇಳುವಾಗ ನಾವು ಪಿಎಸ್‌ಎಸ್, ಪಿಡ್ಯಾಡ್‌ಮ್ಯಾಕ್ ಅನ್ನುತ್ತೇವೆ. ಎರಡರ ಚಾರ್ಜೂ ಪಿಎಚ್ ಬದಲಾದರೂ ಬದಲಾಗುವುದಿಲ್ಲ. ತಲೆನೋವು ಒಂದು ಕಡಿಮೆ. ಆದರೆ ಉಪ್ಪು ಕಡಿಮೆ ಇದ್ದಾಗ ಇವು ಗಟ್ಟಿ ಚೂರುಗಳಾಗಿ ಬೀಳುತ್ತವೆ, ದ್ರವ ಹನಿಗಳಾಗಿ ಅಲ್ಲ. ದ್ರವ ಹನಿ ನೋಡಬೇಕಿದ್ದರೆ ಪಿಎಸ್‌ಎಸ್ ಬದಲು ಪಾಲಿಅಕ್ರಿಲಿಕ್ ಆಸಿಡ್ ತೆಗೆದುಕೊಂಡು ಪಿಎಚ್ 7ರ ಆಸುಪಾಸಿನಲ್ಲಿ, ಸ್ವಲ್ಪ ಉಪ್ಪಿನ ಜೊತೆ ಮಾಡಿ. ಆಗ ಪಿಎಚ್ ಮೇಲೆ ಕಣ್ಣಿಡಬೇಕು. ಪಕ್ಕದಲ್ಲಿ ಧನ ಸರಪಣಿ ಇದ್ದರೆ ಈ ಆಸಿಡ್ ಒಂಟಿಯಾಗಿರುವಾಗಿನದಕ್ಕಿಂತ ಸುಲಭವಾಗಿ ಚಾರ್ಜ್ ಪಡೆಯುತ್ತದೆ. ಹೀಗಾಗಿ ಬೆರೆಸಿದ ಮೇಲೂ ಪಿಎಚ್ ಅಳೆದು ಬರೆದಿಡಿ.

ಹನಿಯಾಗಿ ಬೇರೆಯಾಗುವ ಈ ರೀತಿಗೆ ಕೋಅಸರ್ವೇಶನ್ ಎಂದು ಹೆಸರು. 1929ರಲ್ಲಿ ಬುಂಗೆನ್‌ಬರ್ಗ್ ಡಿ ಯಾಂಗ್ ಮತ್ತು ಕ್ರೌಟ್ ಈ ಹೆಸರಿಟ್ಟರು. ಅವರ ಮೇಜಿನ ಮೇಲಿದ್ದದ್ದು ಜೆಲಾಟಿನ್ ಮತ್ತು ಅಕೇಶಿಯಾ ಗೋಂದು.

ಗ್ರಾಂ ಬೇಡ, ಚಾರ್ಜ್ ಎಣಿಸಿ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ಹೆಚ್ಚಿನ ತಪ್ಪುಗಳು ಇಲ್ಲೇ ಹುಟ್ಟುತ್ತವೆ.

ಸರಪಣಿ ಎಷ್ಟು ಉದ್ದವೋ ಬಿಡಿ. ಸರಪಣಿಯ ಮೋಲುಗಳಲ್ಲಿ ಲೆಕ್ಕ ಹಾಕಬೇಡಿ. ಚಾರ್ಜ್ ಹೊತ್ತ ಒಂದೊಂದು ಕೊಂಡಿಯನ್ನು ಎಣಿಸಿ. ಪಿಎಸ್‌ಎಸ್ ಸೋಡಿಯಂ ಉಪ್ಪಿನ ಒಂದು ಕೊಂಡಿಯ ತೂಕ ಮೋಲಿಗೆ 206.2 ಗ್ರಾಂ. ಪಿಡ್ಯಾಡ್‌ಮ್ಯಾಕ್‌ನದು 161.7. ಚಾರ್ಜಿನ ಲೆಕ್ಕದಲ್ಲಿ 10 ಮಿಲಿಮೋಲಾರ್ ಸ್ಟಾಕ್ (ಮೊದಲೇ ಮಾಡಿಟ್ಟುಕೊಳ್ಳುವ ಮೂಲ ದ್ರಾವಣ) ಬೇಕು, 100 ಮಿಲಿಲೀಟರ್ ಬೇಕು ಅಂದರೆ ಪಿಎಸ್‌ಎಸ್ 0.206 ಗ್ರಾಂ. ಪಿಡ್ಯಾಡ್‌ಮ್ಯಾಕ್ ಸಾಮಾನ್ಯವಾಗಿ ನೀರಿನಲ್ಲಿ ಕರಗಿದ ದ್ರಾವಣವಾಗಿಯೇ ಬರುತ್ತದೆ. ತೂಕದಲ್ಲಿ ಶೇಕಡ 20ರ ಬಾಟಲಿಯಾದರೆ 0.81 ಗ್ರಾಂ ತೂಗಬೇಕು. ಅದು ಜಿಗುಟು. ಪೈಪೆಟ್‌ನಲ್ಲಿ ಎಳೆದರೆ ಅರ್ಧ ತುದಿಯಲ್ಲೇ ಉಳಿಯುತ್ತದೆ. ತಕ್ಕಡಿಯ ಮೇಲೆ ಬೀಕರ್ ಇಟ್ಟು ಅದರೊಳಗೇ ಹನಿಸಿ ತೂಗಿ.

ಈಗ ತೇವಾಂಶ. ಪಿಎಸ್‌ಎಸ್ ಪುಡಿ ಗಾಳಿಯಿಂದ ನೀರು ಹೀರುತ್ತದೆ. ಇದನ್ನು ನಾನು ಕಲಿತದ್ದು ಕಷ್ಟಪಟ್ಟು. ಕೆಲಸಕ್ಕೆ ಸೇರಿದ ಎರಡನೇ ವರ್ಷ. ಧನ ಚಾರ್ಜಿನ ಪಾಲು ಬದಲಿಸುತ್ತಾ ಮಬ್ಬು ಅಳೆಯುತ್ತಿದ್ದೆ. ಮಬ್ಬಿನ ಗ್ರಾಫ್‌ನ ತುದಿ 0.50ರಲ್ಲಿ ಬರಬೇಕಿತ್ತು, ಪ್ರತಿ ಸಲ 0.47ರಲ್ಲಿ ಬರುತ್ತಿತ್ತು. ಅಷ್ಟು ಪಕ್ಕಾ ಬರುತ್ತಿದ್ದುದರಿಂದ ಅದೇ ನಿಜ ಎಂದು ನಂಬಿದೆ. ಸರಪಣಿಯ ಕೆಲವು ಕೊಂಡಿಗಳು ಜೋಡಿ ಸಿಕ್ಕದೆ ಉಳಿಯುತ್ತವೆ ಎಂದು ಆರು ವಾರ ಕೂತು ವಿವರಣೆ ಕಟ್ಟಿದೆ. ಕೊನೆಗೆ ಪುಡಿಯನ್ನು ವ್ಯಾಕ್ಯೂಮ್ ಓವನ್‌ನಲ್ಲಿ ಒಂದು ದಿನ ಒಣಗಿಸಿ ತೂಗಿದಾಗ ಹತ್ತರಲ್ಲಿ ಒಂದು ಪಾಲು ನೀರೇ ಹೋಗಿತ್ತು. 10 ಮಿಲಿಮೋಲಾರ್ ಎಂದು ಬರೆದಿದ್ದ ಸ್ಟಾಕ್ ನಿಜದಲ್ಲಿ 9 ಮಾತ್ರ. 9ನ್ನು 19ರಿಂದ ಭಾಗಿಸಿ. 0.47. ಆರು ವಾರದ ವಿವರಣೆ ಆ ಒಂದು ಭಾಗಾಕಾರದಲ್ಲಿ ಮುಗಿಯಿತು.

ಒಣಗಿಸಿ ತೂಗುವುದು ಒಂದು ದಾರಿ. ಇನ್ನೂ ಗಟ್ಟಿಯಾದ ದಾರಿ ಕೊಲಾಯ್ಡ್ ಟೈಟ್ರೇಶನ್. ಜಪಾನಿನ ಹಿರೋಷಿ ತೆರಯಾಮ 1952ರಲ್ಲಿ ಬರೆದ ವಿಧಾನ ಇದು, ಈಗಲೂ ನನ್ನ ಮೆಚ್ಚಿನದು. ಧನ ಪಾಲಿಮರ್ ದ್ರಾವಣಕ್ಕೆ ಟೊಲುಯಿಡಿನ್ ಬ್ಲೂ ಬಣ್ಣದ ಒಂದೆರಡು ಹನಿ ಹಾಕಿ. ನೀಲಿ ಇರುತ್ತದೆ. ಬ್ಯೂರೆಟ್‌ನಿಂದ ಪೊಟ್ಯಾಸಿಯಂ ಪಾಲಿವೈನೈಲ್ ಸಲ್ಫೇಟ್ ಎಂಬ ಋಣ ಪಾಲಿಮರ್ ಬಿಡುತ್ತಾ ಬನ್ನಿ. ಅದು ಮೊದಲು ನಿಮ್ಮ ಪಾಲಿಮರನ್ನು ಹಿಡಿಯುತ್ತದೆ. ಅದೆಲ್ಲ ಮುಗಿದ ಮೇಲೆ ಬಣ್ಣವನ್ನು ಹಿಡಿಯುತ್ತದೆ. ಆಗ ನೀಲಿ ಹೋಗಿ ಕೆಂಪು ನೇರಳೆ ಬರುತ್ತದೆ. ಬರೀ ನೀರಿಗೂ ಬಣ್ಣ ಹಾಕಿ ಒಮ್ಮೆ ಮಾಡಿ, ಆ ಸಂಖ್ಯೆಯನ್ನು ಕಳೆಯಿರಿ. ಉಪ್ಪು ಇರುವ ದ್ರಾವಣದಲ್ಲಿ ಮಾಡಬೇಡಿ, ಬಣ್ಣ ತಿರುಗುವ ಜಾಗ ಮಸುಕಾಗುತ್ತದೆ.

ಬೆರೆಸುವುದು

ಒಟ್ಟು ಚಾರ್ಜ್ ಸಾಂದ್ರತೆ ಒಂದೇ ಇರಲಿ, ಧನದ ಪಾಲು ಮಾತ್ರ ಬದಲಾಗಲಿ. 0.1ರಿಂದ 0.9ರವರೆಗೆ ಹೋಗಿ. 0.4ರಿಂದ 0.6ರ ನಡುವೆ 0.02ರ ಹೆಜ್ಜೆ ಇಡಿ, ಕಥೆ ನಡೆಯುವುದು ಅಲ್ಲೇ. ಪ್ರತಿ ಟ್ಯೂಬ್‌ನ ಗಾತ್ರ 1 ಮಿಲಿಲೀಟರ್. ಪ್ರತಿಯೊಂದನ್ನೂ ಮೂರು ಸಲ ಮಾಡಿ.

ಹಾಕುವ ಅನುಕ್ರಮ ಹೀಗೆ: ನೀರು, ಉಪ್ಪು, ಬಫರ್ (ಪಿಎಚ್ ಕದಲದಂತೆ ಹಿಡಿಯುವ ದ್ರಾವಣ), ಒಂದು ಪಾಲಿಮರ್, ಕೊನೆಗೆ ಇನ್ನೊಂದು. ಕೂಡಲೇ ವೊರ್ಟೆಕ್ಸ್‌ನಲ್ಲಿ 15 ಸೆಕೆಂಡ್. ಎಲ್ಲ ಟ್ಯೂಬ್‌ಗೂ ಇದೇ ಅನುಕ್ರಮ, ಇದೇ ಸಮಯ. ಉಪ್ಪನ್ನು ಕೊನೆಗೆ ಹಾಕಿದರೆ ಏನು ತಪ್ಪು ಅಂತ ಕೇಳುತ್ತಾರೆ. ಉಪ್ಪಿಲ್ಲದೆ ಕೂಡಿದ ಸರಪಣಿಗಳು ಬಿಗಿಯಾಗಿ ಸಿಕ್ಕಿಹಾಕಿಕೊಂಡುಬಿಡುತ್ತವೆ. ಆಮೇಲೆ ಹಾಕಿದ ಉಪ್ಪು ಒಳಗೆ ಹೋಗಿ ಬಿಡಿಸಲು ಗಂಟೆ, ಕೆಲವೊಮ್ಮೆ ದಿನವೇ ಹಿಡಿಯಬಹುದು. ಅಷ್ಟರಲ್ಲಿ ನೀವು ಅಳೆದುಬಿಟ್ಟಿರುತ್ತೀರಿ. ಅನುಮಾನ ಇದ್ದರೆ ಎರಡೂ ದಾರಿಯಲ್ಲಿ ಒಂದೊಂದು ಟ್ಯೂಬ್ ಮಾಡಿ ಹೋಲಿಸಿ. ಎರಡರ ಉತ್ತರ ಒಂದೇ ಬಂದರೆ ಮಾತ್ರ ಅದು ಸಮತೋಲನದ ಹತ್ತಿರ ಇದೆ ಎನ್ನಬಹುದು.

ಇನ್ನೊಂದು ವಿಷಯ ಬಹಳ ಜನ ಮರೆಯುತ್ತಾರೆ. ಉಪ್ಪು ಹಾಕದಿದ್ದರೂ ಟ್ಯೂಬ್‌ನಲ್ಲಿ ಉಪ್ಪು ಇದೆ. 10 ಮಿಲಿಮೋಲಾರ್‌ನ ಎರಡು ಸ್ಟಾಕ್‌ಗಳನ್ನು ಸಮ ಪ್ರಮಾಣದಲ್ಲಿ ಬೆರೆಸಿದರೆ, ಎಲ್ಲ ಜೋಡಿಗಳೂ ಕೂಡಿದಾಗ 5 ಮಿಲಿಮೋಲಾರ್ ಸೋಡಿಯಂ ಕ್ಲೋರೈಡ್ ಹೊರಗೆ ಬಂದಿರುತ್ತದೆ. ನಿಮ್ಮ ‘ಉಪ್ಪಿಲ್ಲದ’ ಟ್ಯೂಬ್‌ನ ಹೆಸರು ಅದೇ ಇರಲಿ. ಆದರೆ ಲೆಕ್ಕದಲ್ಲಿ ಆ 5 ಸೇರಿಸಿ. ಚಾರ್ಜಿನ ಪ್ರಭಾವ ಎಷ್ಟು ದೂರ ತಲುಪುತ್ತದೆ ಎನ್ನುವ ಡಿಬೈ ಉದ್ದ 5 ಮಿಲಿಮೋಲಾರ್‌ನಲ್ಲಿ 4.3 ನ್ಯಾನೋಮೀಟರ್, 100ರಲ್ಲಿ ಒಂದೇ ನ್ಯಾನೋಮೀಟರ್. ಸಣ್ಣ ವ್ಯತ್ಯಾಸ ಅಲ್ಲ.

ಬಫರ್ ಆರಿಸುವಾಗ ಫಾಸ್ಫೇಟ್ ಮತ್ತು ಸಿಟ್ರೇಟ್‌ನಿಂದ ದೂರ ಇರಿ. ಅವುಗಳ ಅಯಾನಿನ ಮೇಲೆ ಒಂದಕ್ಕಿಂತ ಹೆಚ್ಚು ಚಾರ್ಜ್ ಇರಬಹುದು. ಪಾಲಿಅಲೈಲ್‌ಅಮೀನ್‌ನಂಥ ಧನ ಪಾಲಿಮರ್ ಬರೀ ಫಾಸ್ಫೇಟ್ ಜೊತೆಗೇ ಕೂಡಿಕೊಂಡು ಮಬ್ಬಾಗುತ್ತದೆ. ಒಂದೇ ಪಾಲಿಮರ್ ಮತ್ತು ಬಫರ್ ಇರುವ ಟ್ಯೂಬ್ ತಿಳಿಯಾಗಿ ನಿಂತಿದೆಯೇ ಎಂದು ಮೊದಲು ನೋಡಿ.

ಮೊದಲು ಕಣ್ಣು, ಆಮೇಲೆ ಯಂತ್ರ

ದೊಡ್ಡ ಯಂತ್ರದ ಮುಂದೆ ಕೂರುವ ಮೊದಲು ಮೈಕ್ರೋಸ್ಕೋಪ್ ಕೆಳಗೆ ಇಡಿ. ಇದನ್ನು ಬಿಟ್ಟು ಮುಂದೆ ಹೋಗಲು ನಾನು ಯಾರಿಗೂ ಹೇಳುವುದಿಲ್ಲ. ದುಂಡಗಿನ ಹನಿಗಳಿದ್ದು, ಎರಡು ಹತ್ತಿರ ಬಂದಾಗ ಒಂದಾಗಿ ಮತ್ತೆ ದುಂಡಗಾದರೆ ಅದು ದ್ರವ. ಚೂಪು ಅಂಚಿನ ಚೂರುಗಳು ಅಂಟಿಕೊಂಡು ಹಾಗೇ ನಿಂತರೆ ಅದು ಗಟ್ಟಿ. ಮಬ್ಬಿನ ಸಂಖ್ಯೆ ಎರಡರಲ್ಲೂ ಒಂದೇ ಬರಬಹುದು. ಎರಡೂ ಒಂದೇ ವಸ್ತು ಅಲ್ಲ.

ಆಮೇಲೆ ಮಬ್ಬು. ಸ್ಪೆಕ್ಟ್ರೋಫೋಟೋಮೀಟರ್‌ನಲ್ಲಿ 500 ನ್ಯಾನೋಮೀಟರ್ ಇಡಿ. ಈ ಪಾಲಿಮರ್‌ಗಳು ಅಲ್ಲಿ ಬೆಳಕನ್ನು ಹೀರುವುದಿಲ್ಲ. ಹಾಗಾಗಿ ಕಡಿಮೆಯಾದ ಬೆಳಕೆಲ್ಲ ಚದುರಿದ್ದೇ. ಯಂತ್ರ ತೋರಿಸುವ ಅಬ್ಸಾರ್ಬೆನ್ಸನ್ನು 2.303ರಿಂದ ಗುಣಿಸಿದರೆ ಟರ್ಬಿಡಿಟಿ. ಅಬ್ಸಾರ್ಬೆನ್ಸ್ 1 ದಾಟಿದರೆ ನಂಬಿಕೆ ಕಡಿಮೆ ಮಾಡಿ. ಆಗ ನೀರು ಹಾಕಿ ತೆಳು ಮಾಡಬೇಡಿ. ನೀರು ಹಾಕಿದರೆ ಉಪ್ಪೂ ತೆಳುವಾಗುತ್ತದೆ, ನೀವು ಬೇರೆಯೇ ದ್ರಾವಣ ಅಳೆಯುತ್ತೀರಿ. ಕಡಿಮೆ ದಪ್ಪದ ಕ್ಯೂವೆಟ್ ಬಳಸಿ.

ಸಮಯವೂ ಮುಖ್ಯ. ಧನ ಋಣ ಸಮವಾಗಿರುವ ಟ್ಯೂಬ್‌ನಲ್ಲಿ ಹನಿಗಳಿಗೆ ಒಂದನ್ನೊಂದು ದೂರ ತಳ್ಳುವ ಚಾರ್ಜ್ ಇರುವುದಿಲ್ಲ. ಬೇಗ ಒಂದಾಗಿ ದೊಡ್ಡದಾಗಿ ತಳ ಸೇರುತ್ತವೆ. ಅರ್ಧ ಗಂಟೆ ಬಿಟ್ಟು ಅಳೆದರೆ ಎಲ್ಲಕ್ಕಿಂತ ಹೆಚ್ಚು ಕೂಡಿದ ಟ್ಯೂಬೇ ಎಲ್ಲಕ್ಕಿಂತ ತಿಳಿಯಾಗಿ ಕಾಣಬಹುದು. ಗ್ರಾಫ್‌ನ ನಡುವೆ ಗುಂಡಿ ಬಿದ್ದಿದ್ದರೆ ಮೊದಲು ಗಡಿಯಾರ ನೋಡಿ. ನನ್ನ ನೋಟ್‌ಬುಕ್‌ನಲ್ಲಿ ಪ್ರತಿ ಸಂಖ್ಯೆಯ ಪಕ್ಕ ಬೆರೆಸಿ ಎಷ್ಟು ನಿಮಿಷ ಆಯಿತು ಎಂದು ಇರುತ್ತದೆ. ಸಾಮಾನ್ಯವಾಗಿ 2 ನಿಮಿಷ ಆದಾಗ ಒಮ್ಮೆ, 20 ಆದಾಗ ಒಮ್ಮೆ ಅಳೆಯುತ್ತೇನೆ.

ಮಬ್ಬು ಎಷ್ಟು ಕೂಡಿತು ಎಂದು ಹೇಳುವುದಿಲ್ಲ, ಕೂಡಿತೋ ಇಲ್ಲವೋ ಎಂದಷ್ಟೇ ಹೇಳುತ್ತದೆ. ಹನಿಯ ಗಾತ್ರ ಬದಲಾದರೂ ಅದು ಬದಲಾಗುತ್ತದೆ. ಎಷ್ಟು ಎಂದು ಬೇಕಿದ್ದರೆ ಪಿಎಸ್‌ಎಸ್‌ನ ಒಂದು ಗುಣ ಕೈಹಿಡಿಯುತ್ತದೆ. ಅದರ ಬೆಂಜೀನ್ ಉಂಗುರ 261 ನ್ಯಾನೋಮೀಟರ್ ಸುತ್ತ ಬೆಳಕು ಹೀರುತ್ತದೆ. ಟ್ಯೂಬನ್ನು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಮೇಲಿನ ತಿಳಿಯನ್ನು ಮೆಲ್ಲಗೆ ತೆಗೆದು ಅಲ್ಲಿ ಅಳೆಯಿರಿ. ಮೇಲೆ ಉಳಿದದ್ದು ಸಿಕ್ಕಿತು, ಹಾಕಿದ್ದು ಗೊತ್ತಿದೆ. ಕಳೆದರೆ ಕೂಡಿದ್ದು. ಇಷ್ಟು ಸರಳ ಲೆಕ್ಕ ಕೊಡುವ ಜೋಡಿ ಬೇರೆ ಕಡಿಮೆ. ಆದರೆ ತಿಳಿಯಲ್ಲಿ ಇನ್ನೂ ತೇಲುವ ಸಣ್ಣ ಕಣ ಇದ್ದರೆ ಮೋಸ ಹೋಗುತ್ತೀರಿ, 500ರಲ್ಲೂ ನೋಡಿ ಅದು ಸೊನ್ನೆ ಇದೆ ಎಂದು ಖಚಿತ ಮಾಡಿಕೊಳ್ಳಿ.

ಝೀಟಾ ಪೊಟೆನ್ಷಿಯಲ್, ಅಂದರೆ ಕಣದ ಮೇಲ್ಮೈಯ ಚಾರ್ಜನ್ನು ತೋರಿಸುವ ಅಳತೆ, ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಧನ ಜಾಸ್ತಿ ಇದ್ದರೆ ಕಣ ಧನ, ಋಣ ಜಾಸ್ತಿ ಇದ್ದರೆ ಋಣ. ಸೊನ್ನೆ ದಾಟುವ ಜಾಗವೂ ಮಬ್ಬಿನ ತುದಿಯೂ ಒಂದೇ ಕಡೆ ಬಂದರೆ ನಿಮ್ಮ ಸ್ಟಾಕ್ ಸರಿ ಇದೆ. ಉಪ್ಪು ತುಂಬಾ ಇರುವ ದ್ರಾವಣವನ್ನು ಅದರಲ್ಲಿ ಹಾಕಬೇಡಿ. ಕರೆಂಟ್ ಹೆಚ್ಚು ಹರಿದು ದ್ರಾವಣ ಬಿಸಿಯಾಗುತ್ತದೆ, ಎಲೆಕ್ಟ್ರೋಡ್ ಕಪ್ಪಾಗುತ್ತದೆ.

ಕಣದ ಗಾತ್ರಕ್ಕೆ ಡೈನಾಮಿಕ್ ಲೈಟ್ ಸ್ಕ್ಯಾಟರಿಂಗ್, ಅಂದರೆ ಚದುರಿದ ಬೆಳಕಿನ ಮಿನುಗಾಟದಿಂದ ಗಾತ್ರ ಲೆಕ್ಕ ಹಾಕುವ ವಿಧಾನ. ಇದು ತಿಳಿಯಾಗಿರುವ, ಒಂದು ಚಾರ್ಜ್ ಹೆಚ್ಚಿರುವ ಟ್ಯೂಬ್‌ಗಳಿಗೆ ಮಾತ್ರ. ತಳ ಸೇರುತ್ತಿರುವ ಹಾಲಿನಂಥ ದ್ರಾವಣದಲ್ಲಿ ಬಂದ ಸಂಖ್ಯೆಗೆ ಅರ್ಥವಿಲ್ಲ. ಚದುರುವ ಬೆಳಕು ವ್ಯಾಸದ ಆರನೇ ಘಾತಕ್ಕೆ ಏರುತ್ತದೆ. ಹತ್ತು ಪಟ್ಟು ದೊಡ್ಡ ಒಂದು ಧೂಳಿನ ಕಣ ಹತ್ತು ಲಕ್ಷ ಸಣ್ಣ ಕಣಗಳಷ್ಟು ಬೆಳಕು ಚದುರಿಸುತ್ತದೆ. ಆದ್ದರಿಂದ ಸ್ಟಾಕ್‌ಗಳನ್ನು 0.45 ಅಥವಾ 0.22 ಮೈಕ್ರೋಮೀಟರ್ ಫಿಲ್ಟರ್‌ನಲ್ಲಿ ಸೋಸಿ. ಬೆರೆಸುವ ಮೊದಲು ಸೋಸಿ. ಬೆರೆಸಿದ ಮೇಲೆ ಸೋಸಿದರೆ ನೀವು ಅಳೆಯಬೇಕಾದದ್ದೇ ಫಿಲ್ಟರ್‌ನಲ್ಲಿ ಉಳಿಯಬಹುದು.

ಉಪ್ಪಿನ ಏಣಿ

ಇಡೀ ಕೆಲಸದಲ್ಲಿ ನನಗೆ ಹೆಚ್ಚು ಇಷ್ಟದ್ದು ಇದು. ಸಮ ಪ್ರಮಾಣದ ಟ್ಯೂಬ್ ಆರಿಸಿ. ಅದನ್ನೇ 0, 50, 100, 200 ಮಿಲಿಮೋಲಾರ್ ಹೀಗೆ ಉಪ್ಪು ಏರಿಸುತ್ತಾ ಹೊಸ ಹೊಸದಾಗಿ ಮಾಡಿ. ಮೈಕ್ರೋಸ್ಕೋಪ್‌ನಲ್ಲಿ ನೋಡುತ್ತಾ ಹೋದರೆ ಚೂರು ಮೆತ್ತಗಾಗುತ್ತದೆ, ಅಂಚು ದುಂಡಗಾಗುತ್ತದೆ, ಹನಿಯಾಗುತ್ತದೆ, ಹನಿ ತೆಳುವಾಗುತ್ತದೆ, ಒಂದು ಹಂತದಲ್ಲಿ ಏನೂ ಇಲ್ಲ. ಹೊರಗಿನ ಅಯಾನುಗಳು ಒಳಗೆ ನುಗ್ಗಿ ಜೋಡಿಗಳನ್ನು ಒಂದೊಂದಾಗಿ ಬಿಡಿಸುತ್ತವೆ. ಪೂರ್ತಿ ತಿಳಿಯಾದ ಆ ಜಾಗವೇ ಕ್ರಿಟಿಕಲ್ ಉಪ್ಪಿನ ಸಾಂದ್ರತೆ. ಅದು ಪಾಲಿಮರ್‌ನ ಸಾಂದ್ರತೆಗೂ ಸರಪಣಿಯ ಉದ್ದಕ್ಕೂ ತಕ್ಕಂತೆ ಬದಲಾಗುತ್ತದೆ, ಅವೆರಡನ್ನೂ ಜೊತೆಗೇ ಬರೆಯಿರಿ. ಮಬ್ಬು ಇಳಿಯಿತು ಎಂದ ಮಾತ್ರಕ್ಕೆ ಕರಗಿತು ಎನ್ನಬೇಡಿ. ನೀರು ತುಂಬಿಕೊಂಡ ಹನಿಯೂ ಬೆಳಕನ್ನು ಕಡಿಮೆ ಚದುರಿಸುತ್ತದೆ. ಕಣ್ಣಿಂದ ನೋಡಿ ಖಚಿತ ಮಾಡಿಕೊಳ್ಳಿ.

ಯಾವ ಉಪ್ಪು ಎನ್ನುವುದೂ ಮುಖ್ಯ. ಪಿಎಸ್‌ಎಸ್ ಪಿಡ್ಯಾಡ್‌ಮ್ಯಾಕ್ ಜೋಡಿಯನ್ನು ಸೋಡಿಯಂ ಕ್ಲೋರೈಡ್‌ಗಿಂತ ಪೊಟ್ಯಾಸಿಯಂ ಬ್ರೋಮೈಡ್ ಬಹಳ ಚೆನ್ನಾಗಿ ಬಿಡಿಸುತ್ತದೆ. ಸಾಂದ್ರತೆ ಒಂದೇ ಇದ್ದರೂ ಸರಿಯೇ. ನೀರನ್ನು ಸಡಿಲವಾಗಿ ಹಿಡಿದ ಬ್ರೋಮೈಡ್ ಧನ ಕೊಂಡಿಯ ಹತ್ತಿರ ಸುಲಭವಾಗಿ ಬಂದು ಕೂರುತ್ತದೆ. 1957ರ ವೋರ್ನ್ ಮತ್ತು ಓವರ್‌ಬೀಕ್ ಸಿದ್ಧಾಂತ ಉಪ್ಪು ಏರಿದರೆ ಕರಗುತ್ತದೆ ಎಂಬುದನ್ನು ಹಿಡಿದುಕೊಡುತ್ತದೆ, ಆದರೆ ಈ ಉಪ್ಪಿಗೂ ಆ ಉಪ್ಪಿಗೂ ಇರುವ ವ್ಯತ್ಯಾಸ ಅದರಲ್ಲಿಲ್ಲ. ಏಣಿಯನ್ನು ಎರಡು ಉಪ್ಪಿನಲ್ಲಿ ಹತ್ತಿ ನೋಡಿದರೆ ಅದು ನಿಮಗೇ ಸಿಗುತ್ತದೆ.

ಶಾಖ ಅಳೆಯುವುದು

ಐಸೋಥರ್ಮಲ್ ಟೈಟ್ರೇಶನ್ ಕ್ಯಾಲೋರಿಮೀಟರ್ ಸಿಕ್ಕಿದರೆ ಮಾಡಿ. ಒಂದನ್ನು ಇನ್ನೊಂದಕ್ಕೆ ಸ್ವಲ್ಪ ಸ್ವಲ್ಪವಾಗಿ ಬಿಟ್ಟು ಪ್ರತಿ ಸಲದ ಶಾಖ ಅಳೆಯುವ ಯಂತ್ರ ಅದು. ಸೆಲ್‌ನಲ್ಲಿ ಒಂದು ಪಾಲಿಮರ್ 1 ಮಿಲಿಮೋಲಾರ್ ಚಾರ್ಜ್, ಸಿರಿಂಜ್‌ನಲ್ಲಿ ಇನ್ನೊಂದು 10. ಎರಡನ್ನೂ ಒಂದೇ ಬೀಕರಿನ ಬಫರ್ ಎದುರು ಡಯಾಲಿಸಿಸ್ ಮಾಡಿರಬೇಕು, ಅಂದರೆ ಸಣ್ಣ ಅಯಾನುಗಳನ್ನಷ್ಟೇ ಬಿಡುವ ಪೊರೆಯ ಚೀಲದಲ್ಲಿಟ್ಟು ಸಮ ಮಾಡಿರಬೇಕು. ಎರಡು ಕಡೆ ಉಪ್ಪಿನಲ್ಲಿ ವ್ಯತ್ಯಾಸ ಇದ್ದರೆ ಅದು ತೆಳುವಾಗುವ ಶಾಖವೇ ನಿಮ್ಮ ಸಂಕೇತವನ್ನು ಮುಚ್ಚಿಬಿಡುತ್ತದೆ. ಪಾಲಿಮರನ್ನು ಬರೀ ಬಫರ್‌ಗೆ ಬಿಟ್ಟು ಬ್ಲಾಂಕ್ ಮಾಡುವುದನ್ನು ತಪ್ಪಿಸಬೇಡಿ.

ಮೊದಲ ಸಲ ನೋಡುವವರಿಗೆ ಆಶ್ಚರ್ಯ ಆಗುತ್ತದೆ. ಇಷ್ಟು ಗಟ್ಟಿಯಾಗಿ ಕೂಡುವ ಸರಪಣಿಗಳು ಬಿಡುವ ಶಾಖ ತುಂಬಾ ಕಡಿಮೆ. ಕೆಲವು ಜೋಡಿಗಳು ಶಾಖ ಬಿಡುವ ಬದಲು ಹೀರುತ್ತವೆ, ಆದರೂ ಕೂಡುತ್ತವೆ. ಆರಂಭದಲ್ಲಿ ಹೇಳಿದ ಸಣ್ಣ ಅಯಾನುಗಳ ಬಿಡುಗಡೆ ಇಲ್ಲಿ ಕಾಗದದ ಮೇಲೆ ಕಾಣುತ್ತದೆ. ಬಂದ ಕರ್ವ್‌ಗೆ ಯಂತ್ರದ ಜೊತೆ ಬಂದ ಸರಳ ಮಾದರಿಯನ್ನು ಸುಮ್ನೆ ಹೊಂದಿಸಬೇಡಿ. ಉದ್ದ ಸರಪಣಿಗಳಲ್ಲಿ ಮೊದಲು ಜೋಡಿಯಾಗುವುದು, ಆಮೇಲೆ ಹನಿಯಾಗುವುದು, ಎರಡೂ ಒಂದೇ ಕರ್ವ್‌ನಲ್ಲಿ ಬೆರೆತಿರುತ್ತವೆ.

ಬಂಧದ ಸ್ಥಿರಾಂಕ, ಅಂದರೆ ಎಷ್ಟು ಗಟ್ಟಿಯಾಗಿ ಕೂಡಿತು ಎನ್ನುವ ಸಂಖ್ಯೆ, ನಿಜಕ್ಕೂ ಬೇಕಿದ್ದರೆ ಒಂದು ಸರಪಣಿ ಚಿಕ್ಕದಿರಲಿ. ಅದನ್ನು ಮೂರು ನಾಲ್ಕು ಉಪ್ಪಿನ ಸಾಂದ್ರತೆಯಲ್ಲಿ ಅಳೆದು, ಸ್ಥಿರಾಂಕದ ಲಾಗ್ ಮತ್ತು ಉಪ್ಪಿನ ಲಾಗ್ ಎದುರುಬದುರು ಬಿಡಿಸಿ. 1970ರ ದಶಕದಲ್ಲಿ ಥಾಮಸ್ ರೆಕಾರ್ಡ್, ತಿಮೋಥಿ ಲೋಮನ್ ಮತ್ತು ಸಂಗಡಿಗರು ಡಿಎನ್‌ಎಗೆ ಧನ ಅಣುಗಳು ಕೂಡುವುದಕ್ಕೆ ಹೀಗೇ ಮಾಡಿದರು. ನೇರ ಗೆರೆ ಬರುತ್ತದೆ. ಅದರ ಇಳಿಜಾರು ಎಷ್ಟು ಸಣ್ಣ ಅಯಾನು ಹೊರಗೆ ಹೋಯಿತು ಎಂದು ಹೇಳುತ್ತದೆ. ಎರಡೆಳೆಯ ಡಿಎನ್‌ಎಯಲ್ಲಿ ಪ್ರತಿ ಫಾಸ್ಫೇಟ್‌ಗೆ 0.88 ಎಂಬುದು ಸಿದ್ಧಾಂತದ ಲೆಕ್ಕ. ಹಾಗಾಗಿ 5 ಧನ ಚಾರ್ಜಿನ ಚಿಕ್ಕ ಸರಪಣಿ ಕೂಡಿದರೆ ಇಳಿಜಾರು 4.4ರ ಹತ್ತಿರ ಬರಬೇಕು. ಕಣ್ಣಿಗೆ ಕಾಣದ ಅಯಾನನ್ನು ಒಂದು ಗೆರೆಯ ಇಳಿಜಾರಿನಿಂದ ಎಣಿಸುವುದು ನನಗೆ ಯಾವತ್ತೂ ಹಳೆಯದಾಗಿಲ್ಲ.

ಕೆಲಸ ಮುಗಿದ ಮೇಲೆ ಕ್ಯೂವೆಟ್ ಮತ್ತು ಸೆಲ್ ತೊಳೆಯಿರಿ. ಗಾಜಿನ ಮೇಲ್ಮೈ ಋಣ. ಧನ ಪಾಲಿಮರ್ ಅದಕ್ಕೆ ಅಂಟುತ್ತದೆ, ಬರೀ ನೀರಿಗೆ ಹೋಗುವುದಿಲ್ಲ, ನಾಳೆಯ ಅಳತೆಗೆ ಸೇರಿಕೊಳ್ಳುತ್ತದೆ. 2.5 ಮೋಲಾರ್ ಪೊಟ್ಯಾಸಿಯಂ ಬ್ರೋಮೈಡ್ ತುಂಬಿ ಒಂದು ಗಂಟೆ ಬಿಡಿ. ಆಮೇಲೆ ಶುದ್ಧ ನೀರಿನಲ್ಲಿ ನಾಲ್ಕೈದು ಸಲ ತೊಳೆದು, ಬರೀ ನೀರು ಹಾಕಿ 500ರಲ್ಲೂ 261ರಲ್ಲೂ ಸೊನ್ನೆ ಬಂತೇ ನೋಡಿ ಎತ್ತಿಡಿ.